ಕಲ್ಲುಗುಂಡಿಗೆ ಹೋದ ಮಣ್ಣು

ಮಾರ್ಚ್ 8, 2004. ಬೆಳಿಗ್ಗೆ 7

ಟಿಪ್ಪರ್ ಮೂರು ಬಂದಿವೆ. ನಾಲ್ಕನೆಯದು ಪಂಕ್ಚರ್ ಆಗಿ ಹುಣಸೂರು ರಸ್ತೆಯಲ್ಲಿ ನಿಂತಿದೆಯಂತೆ. ಸೈಟಿನಲ್ಲಿ ಬೇಸ್‌ಮೆಂಟ್ ತೋಡಲು ಜೆಸಿಬಿ ಶುರು. ಮೇಲಿನ ಒಂದಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿಸುತ್ತಿದ್ದೇನೆ — ಅದು ಕೊನೆಗೆ, ಎಲ್ಲದರ ಮೇಲೆ ಹರಡಲು. ಅದಿಲ್ಲದೆ ಹುಲ್ಲು ಹುಟ್ಟುವುದಿಲ್ಲ. ಕೆಳಗಿನ ಕೆಂಪು ಮಣ್ಣು ನೇರ ಗುಂಡಿಗೆ. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಂಡರೆ ಲೋಡು ವಾಪಸ್.

ಇಷ್ಟಕ್ಕೆ ಎರಡು ತಿಂಗಳು ಬೇಕಾಯಿತು. ಪಿರಿಯಾಪಟ್ಟಣದಲ್ಲಿ ಯಾರು ಬೇಸ್‌ಮೆಂಟ್ ತೋಡಿದರೂ ಮಣ್ಣು ಕೆರೆ ಅಂಚಿಗೇ ಹೋಗುತ್ತದೆ. ವರ್ಷ ವರ್ಷ ಕೆರೆ ಹಿಂದೆ ಸರಿಯುತ್ತದೆ, ಕೇಳುವವರಿಲ್ಲ. ಮ್ಯಾನೇಜರ್ ಶಿವಶಂಕರ್ ಮೊದಲು ನಕ್ಕರು. "ಮಣ್ಣಿಗೂ ಡ್ರಾಯಿಂಗ್ ಹಾಕ್ತೀರಾ ಬೃಂದಾ?" ಹಾಕಿ ತೋರಿಸಿದೆ. ಒಪ್ಪಿದರು. ಬೆಟ್ಟದಪುರದ ದಾರಿಯಲ್ಲಿ, ಕೊಪ್ಪಲಿನ ಪಕ್ಕ, ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಗುಂಡಿ. ಮುಚ್ಚಿಸಿಕೊಡಿ ಎಂದು ಊರಿನವರು ಅರ್ಜಿ ಕೊಟ್ಟು ಎರಡು ವರ್ಷ.

ಪ್ರತಿ ಲೋಡಿಗೂ ಚೀಟಿ. "ಶುದ್ಧ ಮಣ್ಣು — ಪರೀಕ್ಷಿಸಿದೆ." ಕೆಳಗೆ ನನ್ನ ಸಹಿ. ಚೀಟಿಯ ಮಾತೂ ನನ್ನದೇ.

ಮಾರ್ಚ್ 11. ಸಂಜೆ

ಗುಂಡಿಗೆ ಹೋಗಿದ್ದೆ. ಟಿಪ್ಪರ್ ಎಲ್ಲಿ ಸುರಿಯಬೇಕೆಂದು ತೋರಿಸಲು, ಸುರಿದದ್ದನ್ನು ಮಟ್ಟ ಮಾಡಲು ಊರಿನ ಸಿದ್ದಯ್ಯನನ್ನು ಹಾಕಿಕೊಂಡಿದ್ದೇವೆ. ಐವತ್ತರ ಮೇಲಿನ ಆಳು. ಬರಿಗಾಲು. ಹಿಮ್ಮಡಿ ಒಡೆದು ಗದ್ದೆ ಬಿರಿದ ಹಾಗಿದೆ. ಬೂಟು ಕೊಟ್ಟಿದ್ದೆ, ಮರಕ್ಕೆ ನೇತುಹಾಕಿದ್ದಾನೆ. "ಕಾಲಿಗೆ ಮಣ್ ಸಿಕ್ಕದಿದ್ರೆ ಮಟ್ಟ ಗೊತ್ತಾಗಕಿಲ್ಲ ಕಣವ್ವ."

ಒಂದು ಹಿಡಿ ಮಣ್ಣು ಎತ್ತಿ ತೋರಿಸಿದ. "ಮಣ್ ಅಂದ್ರೆ ಇಂಗಿರ್ಬೇಕು. ಇಡುದ್ರೆ ಉಂಡೆ ಆಗ್ಬೇಕು, ಬುಟ್ರೆ ಉದುರ್ಬೇಕು." ಲ್ಯಾಬಿನಲ್ಲಿ ನಾವು ಕಲಿತದ್ದೂ ಅಷ್ಟೇ.

ಹೋದ ವರ್ಷ ಅವನ ತಂಗಿಯ ಮಗಳು ಈ ಗುಂಡಿಗೆ ಬಟ್ಟೆ ಒಗೆಯಲು ಬಂದು ಜಾರಿದಳಂತೆ. ಹದಿನಾರು ವರ್ಷ. ಮೂರನೆಯ ದಿನ ಸಿಕ್ಕಳು. ಅದಕ್ಕೇ ಇವನು ಕೂಲಿಯವನ ಹಾಗೆ ಕೆಲಸ ಮಾಡುವುದಿಲ್ಲ. ಹೂಳುವವನ ಹಾಗೆ ಮಾಡುತ್ತಾನೆ... ಮೆಲ್ಲಗೆ, ಎಲ್ಲ ಕಡೆಯೂ ಸಮನಾಗಿ.

ಅವನ ಹೆಂಡತಿ ಮಲ್ಲಾಜಮ್ಮ ಮಜ್ಜಿಗೆ ಕೊಟ್ಟಳು. ಕುಡಿಯದೆ ಹೋಗಲು ಬಿಡಲಿಲ್ಲ.

ಮಾರ್ಚ್ 19

ಸೈಟಿನ ಹಿಂದಿನ ಮೂಲೆ ಇವತ್ತು ತೆರೆಯಿತು. ನಾಲ್ಕಡಿ ಇಳಿಯುತ್ತಿದ್ದಂತೆ ವಾಸನೆ. ಕೊಳೆತ ಬೆಳ್ಳುಳ್ಳಿಯ ಹಾಗೆ. ಮಣ್ಣಿನಲ್ಲಿ ಬೂದು ಪುಡಿ, ಹರಿದ ಚೀಲ, ತುಕ್ಕು ಹಿಡಿದ ಡಬ್ಬಗಳು. ಜೆಸಿಬಿ ನಿಲ್ಲಿಸಿದೆ. ಎದುರಿನ ಟೀ ಅಂಗಡಿಯವರು ಹೇಳಿದರು — ಹಿಂದೆ ಅಲ್ಲಿ ಗೊಬ್ಬರ, ಔಷಧಿಯ ಗೋಡೌನ್ ಇತ್ತು, ತಂಬಾಕಿಗೆ ಹೊಡೆಯುವುದು. ಮುಚ್ಚಿ ಹನ್ನೆರಡು ವರ್ಷ. ಹೋಗುವಾಗ ಉಳಿದದ್ದನ್ನು ಅಲ್ಲೇ ಹೂತು ಹೋದರಂತೆ.

ಸುತ್ತ ಸುಣ್ಣದ ಗೆರೆ ಹಾಕಿಸಿದೆ. ಶಿವಶಂಕರ್‌ಗೆ ಹೇಳಿದೆ: ಸ್ಯಾಂಪಲ್ ಮೈಸೂರಿಗೆ ಹೋಗಬೇಕು, ರಿಪೋರ್ಟ್ ಬರುವವರೆಗೆ ಮುಟ್ಟಬಾರದು. "ಪಿಲ್ಲರ್ ಅಲ್ಲೇ ಬರತ್ತಲ್ರೀ," ಎಂದರು. ಆಮೇಲೆ, "ಆಯ್ತು, ನೋಡೋಣ."

ಮಾರ್ಚ್ 20

ಕೆ.ಆರ್. ನಗರದಿಂದ ಅಣ್ಣನ ಫೋನು. ಅಮ್ಮನ ಕಣ್ಣಿನ ಆಪರೇಷನ್ ನಾಳೆಗೇ ಗೊತ್ತಾಗಿದೆ. ನಾಲ್ಕು ದಿನ ರಜೆ. ಚೀಟಿ ಇಲ್ಲದೆ ಟಿಪ್ಪರ್ ಹೊರಡುವುದಿಲ್ಲ, ಕೆಲಸ ನಿಂತೀತು ಎಂದರು ಶಿವಶಂಕರ್. ಒಂದು ಚೀಟಿ ಪುಸ್ತಕ ಪೂರ್ತಿ ಸಹಿ ಹಾಕಿ ಕೊಟ್ಟೆ. ಸೈಟಿನ ಮುಂಭಾಗದ ಮಣ್ಣಿಗೆ ಮಾತ್ರ ಎಂದು ಬಾಯಲ್ಲಿ ಹೇಳಿದೆ.

ಮಾರ್ಚ್ 25. ಮಧ್ಯಾಹ್ನ

ಬಂದೆ. ಮೂಲೆ ಖಾಲಿ. ಸುಣ್ಣದ ಗೆರೆ ಇಲ್ಲ, ಪಿಲ್ಲರ್‌ಗೆ ಕಂಬಿ ಕಟ್ಟುತ್ತಿದ್ದಾರೆ.

ಶಿವಶಂಕರ್: "ಅದನ್ನ ಬೇರೆ ಕಡೆ ಹಾಕ್ಸಿದೀವಿ, ನೀವು ತಲೆ ಕೆಡಿಸ್ಕೋಬೇಡಿ."

ಎಲ್ಲಿ ಎಂದು ಎರಡನೆಯ ಸಲ ಕೇಳಲಿಲ್ಲ. ಬರೆದಿಡುತ್ತೇನೆ — ಕೇಳಲಿಲ್ಲ. ಜೊತೆಗೆ ಕರೆತಂದಿದ್ದ ಅಮ್ಮನ ಕಣ್ಣಿಗೆ ಡ್ರಾಪ್ಸ್ ತರಬೇಕಿತ್ತು, ಅಂಗಡಿ ಮುಚ್ಚುತ್ತದೆ ಎಂದುಕೊಂಡೆ. ಮುಚ್ಚುವ ಹೊತ್ತಾಗಿರಲಿಲ್ಲ.

ಮಾರ್ಚ್ 27. ಸಂಜೆ 5

ಬೆಳಿಗ್ಗೆ ಟಿಪ್ಪರ್ ಡ್ರೈವರ್ ದೇವಯ್ಯ ಗೇಟಿನ ಹತ್ತಿರವೇ ನಿಂತಿದ್ದ. ಗಾಡಿ ಸ್ಟಾರ್ಟ್ ಮಾಡಿರಲಿಲ್ಲ.

"ಕೊಪ್ಲಲ್ಲಿ ಮೂರ್ ಅಸ ಸತ್ತೋದೊ ಮೇಡಂ, ಒಂದ್ ಸಿದ್ದಯ್ಯಂದೇಯ. ಗುಂಡಿ ತಾವ ಮಳೆ ನೀರ್ ನಿಂತಿತ್ತಲ್ಲ, ಅದ್ನ ಕುಡ್ದು. ಸಿದ್ದಯ್ಯನ್ನೂವೆ ಮೈಸೂರ್ಗೆ ಆಕಂಡ್ ಓದ್ರು."

"ಮೂಲೆ ಮಣ್ಣು ಅಲ್ಲಿಗೆ ಹೋಯ್ತಾ?"

ನೆಲ ನೋಡಿದ. "ಒಂಬತ್ ಲೋಡು. ಸಾರ್ ಏಳುದ್ರು. ನಿಮ್ ಸೈನ್ ಇತ್ತು... ನಾನೇನ್ ಮಾಡ್ಲಿ."

ಬಸ್ಸಿನಲ್ಲಿ ಮೈಸೂರು. ಐ.ಸಿ.ಯು. ಹೊರಗೆ ಮಲ್ಲಾಜಮ್ಮ. ಎರಡು ದಿನ ಆ ಮಣ್ಣನ್ನು ಬರಿಗಾಲಲ್ಲಿ ತುಳಿದು ಮಟ್ಟ ಮಾಡಿದನಂತೆ. ವಾಸನೆ ಬರುತ್ತದೆ ಎಂದಿದ್ದನಂತೆ. "ಬೃಂದವ್ವ ನೋಡೇ ಕಳಿಸಿರ್ತದೆ ಬುಡು" ಎಂದೂ ಅವನೇ ಹೇಳಿದನಂತೆ.

ಡಾಕ್ಟರ್ ಮಾತು: ಕಣ್ಣುಪಾಪೆ ಸೂಜಿ ಮೊನೆಯಷ್ಟಾಗಿದೆ, ಎದೆಯಲ್ಲಿ ನೀರು. ಕೀಟನಾಶಕ. ಬಾಯಿಂದಲೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಹೋಗುತ್ತದೆ, ಕಾಲು ಒಡೆದಿದ್ದರೆ ಇನ್ನೂ ಬೇಗ.

ಮಾರ್ಚ್ 29

ಬೆಳಿಗ್ಗೆ ಆರೂವರೆಗೆ ಹೋದ.

ಏಪ್ರಿಲ್ 3

ಕೊಪ್ಪಲಿಗೆ ಹೋಗಿಲ್ಲ. ಮಣ್ಣಿಗೂ ಹೋಗಲಿಲ್ಲ. ಹೋಗಿ ಯಾವ ಮುಖದಲ್ಲಿ ನಿಲ್ಲಲಿ...

ಶಿವಶಂಕರ್ ಕ್ಯಾಬಿನ್‌ಗೆ ಕರೆದರು. ಬಾಗಿಲು ಹಾಕಿದರು. ಪೊಲೀಸ್ ದಾಖಲೆಯಲ್ಲಿ "ವಿಷ ಸೇವನೆ" ಎಂದಾಗಿದೆ. ರಕ್ತದಲ್ಲಿ ಸಿಕ್ಕಿದ್ದು ತಂಬಾಕಿಗೆ ಹೊಡೆಯುವ ಔಷಧಿ, ರೈತರ ಮನೆಯಲ್ಲಿ ಇದ್ದೇ ಇರುತ್ತದೆ, ಹಸು ಸತ್ತ ದುಃಖಕ್ಕೆ ಕುಡಿದಿದ್ದಾನೆ ಎಂದರು. ಕಂಪನಿಯಿಂದ ಯಾರೋ ಹೋಗಿ ಹಾಗೆ ಬರೆಸಿದ್ದಾರೆ. ಯಾರೆಂದು ಅವರು ಹೇಳಲಿಲ್ಲ.

"ಹಸು ಸತ್ತಿದ್ದು ಯಾಕೆ ಸರ್?"

"ಹಾವು ಕಚ್ಚಿರತ್ತೆ, ಎಳೆ ಜೋಳದ ಸೊಪ್ಪು ತಿಂದು ವಿಷ ಏರಿರತ್ತೆ, ಏನೋ ಒಂದು. ನೋಡಿ ಬೃಂದಾ, ಒಂಬತ್ತು ಚೀಟಿಲೂ ಸಹಿ ನಿಮ್ದು. ನನ್ನ ಹೆಸರು ಎಲ್ಲೂ ಇಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಆ ಮನೆಯವರಿಗೆ ಕಂಪನಿ ಏನಾದ್ರೂ ಮಾಡತ್ತೆ."

ಗದರಿಸಲಿಲ್ಲ. ಟೀ ತರಿಸಿದರು. ಕುಡಿದೆ. ಅದನ್ನೂ ಬರೆಯುತ್ತೇನೆ.

ಏಪ್ರಿಲ್ 16

ಹದಿಮೂರು ದಿನ ಏನೂ ಬರೆದಿಲ್ಲ. ಸೈಟಿಗೆ ಹೋದೆ, ಬಂದೆ. ಸ್ಲ್ಯಾಬ್ ಲೆವೆಲ್ ನೋಡಿದೆ. ಹೊಸ ಕನ್ನಡಕ ಬಂದ ಮೇಲೆ ಅಮ್ಮ ಮೊದಲು ಹೇಳಿದ್ದು — ಇಳಿದುಹೋಗಿದ್ದೀಯ.

ಇವತ್ತು ಕೊಪ್ಪಲಿಗೆ ಹೋದೆ. ಬಸ್ ಇಳಿದು ನಡೆದೆ. ಮಲ್ಲಾಜಮ್ಮ ಜಗಲಿಯಲ್ಲಿ ಅವರೆಕಾಳು ಕೇರುತ್ತಿದ್ದಳು. ನನ್ನನ್ನು ಕಂಡೂ ಮೊರ ನಿಲ್ಲಿಸಲಿಲ್ಲ.

"ಊರೋರು ಏನಂತಾರೆ ಗೊತ್ತಾ? ಮಲ್ಲಾಜಿ ಏನೋ ಅಂದಿರ್ಬೇಕು, ಅದ್ಕೇ ವಿಸ ಕುಡ್ದ ಅಂತಾರೆ. ತಿಥಿಗೆ ಬಂದೋರು ನನ್ ಮಕ ನೋಡಿ ಮಾತ್ ನಿಲ್ಸೋರು. ಜರ ಬಂದ್ರೆ ಒಂದ್ ಮಾತ್ರೆ ನುಂಗಕ್ಕೆ ಬೈಸ್ಕತಿದ್ದ ನನ್ ಗಂಡ. ಅವ್ನು ವಿಸ ಕುಡ್ದಾನಾ?"

"ಕುಡಿದಿಲ್ಲ," ಎಂದೆ.

ಹೇಳಿಬಿಟ್ಟೆ. ಮೂಲೆ, ಗೋಡೌನ್, ಸುಣ್ಣದ ಗೆರೆ, ಸಹಿ ಹಾಕಿ ಕೊಟ್ಟ ಪುಸ್ತಕ. ಇಪ್ಪತ್ತೈದನೆಯ ತಾರೀಖು ಎರಡನೆಯ ಸಲ ಕೇಳದೆ ಹೋದದ್ದು. ಕೇಳಿದ್ದರೆ ಅವನು ಅವತ್ತೇ ಕೆಲಸ ನಿಲ್ಲಿಸುತ್ತಿದ್ದ. ಬಹುಶಃ ಬದುಕುತ್ತಿದ್ದ.

ಮೊರ ಕೆಳಗಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಸೆರಗಿಗೆ ಅಂಟಿದ ಹೊಟ್ಟು ಕೊಡವಿದಳು.

"ಈ ಮಾತ ನನ್ ಜಗ್ಲೀಲಿ ಏಳುದ್ರೆ ಏನ್ ಬಂತು? ಎಲ್ಲಿ ಬರ್ದವ್ರೋ ಅಲ್ಲೋಗಿ ಏಳು."

ಮಜ್ಜಿಗೆ ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯಲು ಆಗುತ್ತಿರಲಿಲ್ಲ.

ಏಪ್ರಿಲ್ 21

ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ. ಗುಂಡಿಯ ಐದು ಜಾಗದಿಂದ ಮಣ್ಣು, ಹೊಂಡದ ನೀರು. ಒಂದು ಚೀಲದ ಮೇಲೆ ಔಷಧಿಯ ಹೆಸರು ಇನ್ನೂ ಕಾಣುತ್ತಿತ್ತು. ಸೀಸೆಗಳ ಮೇಲೆ ಜಾಗ, ಆಳ, ತಾರೀಖು ಬರೆದೆ. ದೇವಯ್ಯ ರಜೆ ಹಾಕಿ ಬಂದು ಯಾವ ಲೋಡು ಎಲ್ಲಿ ಸುರಿದೆ ಎಂದು ಹೆಜ್ಜೆ ಅಳೆದು ತೋರಿಸಿದ. "ನನ್ನೂ ಬರ್ಕಳಿ ಮೇಡಂ. ನಾನ್ ಓಡ್ಸಿದ್ದೇ."

ಏಪ್ರಿಲ್ 23. ಮಧ್ಯಾಹ್ನ

ತಾಲ್ಲೂಕು ಕಚೇರಿ. ಸೀಸೆಗಳನ್ನೂ ದೇವಯ್ಯ ಇಟ್ಟುಕೊಂಡಿದ್ದ ಚೀಟಿಗಳನ್ನೂ ಒಪ್ಪಿಸಿ ಹೇಳಿಕೆ ಕೊಟ್ಟೆ, ಏಳು ಪುಟ. ವಿಚಾರಣೆಯ ಅಧಿಕಾರಿ ಚೀಟಿಗಳನ್ನು ಮುಂದಿಟ್ಟು ಕೇಳಿದರು: "ಇದು ನಿಮ್ಮ ಸಹಿಯಾ?"

"ನನ್ನದು."

"ನೋಡದೆ ಹಾಕಿದ್ರಾ?"

"ನೋಡದೆ."

"ಇದರಿಂದ ನಿಮ್ಮ ಮೇಲೇ ಕೇಸ್ ಆಗತ್ತೆ, ಗೊತ್ತಲ್ಲಾ?"

ಗೊತ್ತು ಎಂದೆ. ಹೊರಗೆ ಬೆಂಚಿನ ಮೇಲೆ ಮಲ್ಲಾಜಮ್ಮ ಕೂತಿದ್ದಳು, ಕರೆಯದೆ ಬಂದವಳು. ಒಟ್ಟಿಗೆ ಬಸ್ ಸ್ಟ್ಯಾಂಡಿನವರೆಗೆ ನಡೆದೆವು.

ಏಪ್ರಿಲ್ 24

ಕೆಲಸದಿಂದ ತೆಗೆದ ಪತ್ರ. ಎರಡೇ ಸಾಲು. ಗೇಟಿನಲ್ಲಿ ಹೆಲ್ಮೆಟ್ ವಾಪಸ್ ಇಸಿದುಕೊಂಡರು.

ಜೂನ್ 2

ರಿಪೋರ್ಟ್ ಬಂತು. ಮಣ್ಣಿನ ಐದು ಸೀಸೆಯಲ್ಲಿ ನಾಲ್ಕರಲ್ಲಿ, ಹೊಂಡದ ನೀರಿನಲ್ಲೂ ಅದೇ ವಿಷ. ಸಿದ್ದಯ್ಯನ ರಕ್ತದಲ್ಲಿದ್ದದ್ದು. ದಾಖಲೆ ತಿದ್ದಿದ್ದಾರೆ: ಕೆಲಸದ ಸ್ಥಳದಲ್ಲಿ ವಿಷಕಾರಿ ಮಣ್ಣಿನ ಸಂಪರ್ಕದಿಂದ ಸಾವು. ಕೇಸಿನಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ದೇವಯ್ಯ. ಶಿವಶಂಕರ್ ಹೆಸರು ಮೂರನೆಯದು, ಅದೂ ಮಲ್ಲಾಜಮ್ಮನ ಪರ ವಕೀಲರು ಒತ್ತಾಯಿಸಿದ ಮೇಲೆ. ಗೋಡೌನ್ ಇಟ್ಟಿದ್ದವರು ತೀರಿಕೊಂಡು ಆರು ವರ್ಷವಂತೆ.

ಮಲ್ಲಾಜಮ್ಮನಿಗೆ ಓದಿ ಹೇಳಿದೆ. ಊರ ಮಾರಿಗುಡಿ ಕಟ್ಟೆಯ ಮೇಲೆ ಇನ್ನೊಂದು ಸಲ, ಎಲ್ಲರ ಎದುರು ಓದಿಸಿದಳು. ನಿಂತು ಓದಿದೆ. "ನೋಡದೆ ಸಹಿ ಹಾಕಿದ್ದು ನಾನು" — ಅದು ಪತ್ರದಲ್ಲಿ ಇರಲಿಲ್ಲ, ಸೇರಿಸಿ ಹೇಳಿದೆ. ಸಿದ್ದಯ್ಯನ ತಂಗಿ ಎದ್ದು ಮನೆಗೆ ಹೋದಳು.

ಜೂನ್ 9

ಮಣ್ಣು ಯಾವಾಗ ತೆಗೆಯುತ್ತೀರಿ ಎಂದು ಕಚೇರಿಗೆ ಹೋಗಿ ಕೇಳಿದೆ.

"ತೆಗೆದು ಎಲ್ಲಿ ಹಾಕೋಣ ಮೇಡಂ? ನೀವೇ ಹೇಳಿ."

ಇಂಥ ಮಣ್ಣನ್ನು ಇಟ್ಟುಕೊಳ್ಳುವ ಜಾಗ ಹತ್ತಿರದಲ್ಲೆಲ್ಲೂ ಇಲ್ಲ. ಎಲ್ಲ ಊರೂ ಬೇಡ ಎನ್ನುತ್ತವೆ. ಸದ್ಯಕ್ಕೆ ಟಾರ್ಪಾಲು ಹೊದಿಸಿ, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿ ಬೋರ್ಡ್ ನೆಟ್ಟಿದ್ದಾರೆ. ಓದು ಬಾರದವರಿಗೆ ಬೋರ್ಡ್ ಏನು ಮಾಡುತ್ತದೆ. ಮೋಡ ದಿನಾ ಕೊಡಗಿನ ಕಡೆಯಿಂದ ಕಟ್ಟಿಕೊಂಡು ಬರುತ್ತಿದೆ.

ಮಲ್ಲಾಜಮ್ಮ ದಿನಾ ಬುತ್ತಿ ಕಟ್ಟಿಕೊಂಡು ಬಂದು ಬೇಲಿ ಹತ್ತಿರ ಕೂರುತ್ತಾಳೆ. ದನ ಬಂದರೆ ಅಟ್ಟುತ್ತಾಳೆ. ವಾರದಲ್ಲಿ ಎರಡು ದಿನ ನಾನು ಕೂರುತ್ತೇನೆ ಎಂದೆ. "ಸಂತೆ ದಿನ ಬಾ," ಎಂದಳು. ಅಷ್ಟೇ.

ಜೂನ್ 17. ಬೆಳಿಗ್ಗೆ 11.40. ಗುಂಡಿಯ ಹತ್ತಿರ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಮಲ್ಲಾಜಮ್ಮ ಬೆಟ್ಟದಪುರದ ಸಂತೆಗೆ ಹೋಗಿದ್ದಾಳೆ. ಬೆಳಿಗ್ಗೆ ಸಣ್ಣ ಮಳೆ. ಟಾರ್ಪಾಲು ಒಂದು ಕಡೆ ಹರಿದಿದೆ, ಅಲ್ಲಿಂದ ಕೆಂಪು ನೀರು ಎಳೆಯಾಗಿ ಇಳಿಯುತ್ತಿತ್ತು. ಸಲಿಕೆಯಿಂದ ಬದು ಹಾಕಿ ತಡೆದೆ. ನಾಳೆ ಇನ್ನೊಂದು ಕಡೆ ಇಳಿಯುತ್ತದೆ.

ಆಚೆ ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿತು. ಟ್ರೇಲರ್ ಖಾಲಿ. ಇಬ್ಬರು ಇಳಿದರು, ಹಾರನಹಳ್ಳಿ ಕಡೆಯವರಿರಬೇಕು, ಗುರುತಿಲ್ಲ. ಒಬ್ಬ ಬೇಲಿಯ ಮುಳ್ಳು ಸರಿಸಿ, ಟಾರ್ಪಾಲಿನ ಅಂಚು ಮಡಚಿ ಒಂದು ಹಿಡಿ ಎತ್ತಿಕೊಂಡ, ಉಂಡೆ ಮಾಡಿ ನೋಡಿದ. "ಮನೆ ಪಾಯಕ್ಕೆ ಚೆಂದಾಗೈತೆ ಕಣ್ಲಾ," ಅನ್ನುವುದು ಇಲ್ಲಿಗೆ ಕೇಳುತ್ತಿದೆ. ಇನ್ನೊಬ್ಬ ಗುದ್ದಲಿ ಇಳಿಸುತ್ತಿದ್ದಾನೆ. ಕೂಗಿದೆ. ಗಾಳಿ ಆ ಕಡೆಯಿಂದ ಈ ಕಡೆಗೆ, ಕೇಳಿಸಲಿಲ್ಲ. ಬರಿಗಾಲು ಇಬ್ಬರದೂ. ಬರೆಯುವುದು ಸಾಕು, ಎದ್ದು ಓಡುತ್ತೇನೆ.