ತಗಡಿಗೆ ಬಡಿದಂಥ ಸದ್ದು

ಟೊಂಡೊ, ಮನಿಲಾ

ಡೈರೆಕ್ಟರ್ ರೊಮುಲೊ ಅವರಿಗೆ ಮರಿಸೆಲ್‌ಳ ನಮಸ್ಕಾರಗಳು.

ಹೊಸ ಸಿನಿಮಾದ ಮಳೆ, ಹೆಜ್ಜೆ, ಬಾಗಿಲಿನ ಸದ್ದುಗಳೆಲ್ಲ ಸಿದ್ಧವಾಗಿವೆ. ಕೊಲೆಯ ದೃಶ್ಯದ ಗುಂಡಿನ ಸದ್ದು ಮಾಡುವುದು ಮಾತ್ರ ನನ್ನ ಕೈಲಾಗಲಿಲ್ಲ.

ನನ್ನ ತಮ್ಮ ರೊಡೆಲ್‌ನನ್ನು ಕೊಂದ ದಿನ ನಾನು ಒಳಗೆ ಅಕ್ಕಿ ತೊಳೆಯುತ್ತಿದ್ದೆ. ತಗಡಿಗೆ ಸುತ್ತಿಗೆಯಿಂದ ಬಡಿದಂಥ ಸದ್ದಾಯಿತು. ಹೊರಗೋಡಿ ಬಂದು ಕೊಂದವನ ಮುಖ ನೋಡಿದೆ. ಕೋರ್ಟಿನಲ್ಲಿ ಅವನ ವಕೀಲರು, "ಗನ್ನಿಗೆ ಸೈಲೆನ್ಸರ್ ಇತ್ತಲ್ಲಮ್ಮಾ, ನಿನಗೆ ಹೇಗೆ ಕೇಳಿಸ್ತು? ಕೇಳಿಸದೆ ಹೊರಗೆ ಬಂದು ಮುಖ ನೋಡಿದ್ದು ಹೇಗೆ? ಸಿನಿಮಾ ನೋಡಿಲ್ವಾ?" ಎಂದರು. ಎಲ್ಲರೂ ನಕ್ಕರು.

ದಯವಿಟ್ಟು ಸೋಮವಾರ ಕೋರ್ಟಿಗೆ ಬನ್ನಿ. ಸೈಲೆನ್ಸರ್ ಹಾಕಿದರೂ ಗುಂಡಿನ ಸದ್ದು ಕೇಳಿಸುತ್ತದೆ, ಸಿನಿಮಾದ ಆ ಮೆತ್ತನೆಯ 'ಫುಟ್' ನಾವು ದಿಂಬು ತಟ್ಟಿ ಮಾಡಿದ್ದು ಎಂದು ಹೇಳಿ. ನಾನು ಸತ್ತವನ ಅಕ್ಕ, ನನ್ನನ್ನು ನಂಬುವುದಿಲ್ಲ. ನಿಮ್ಮನ್ನು ನಂಬುತ್ತಾರೆ, ಇಷ್ಟು ವರ್ಷ ನಂಬಿದ್ದಾರಲ್ಲ.

ನಿಮ್ಮ ದಾರಿ ಕಾಯುವ,
ಮರಿಸೆಲ್