ಬಂಗಡೆಯ ಮರಳನ್ನು ಮರಳಿಸಿ

ಮರಳಿನ ಕಾವಲಿಗೆ ನಿಂತ ಮಾನ್ಯರೇ,

ಹೋದ ವಾರದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಹೊಳನಗದ್ದೆಯ ತಿರುವಿನಲ್ಲಿ ಜೀಪು ಅಡ್ಡ ನಿಲ್ಲಿಸಿ, ತಾವು ನನ್ನ ಸ್ಕೂಟರಿನಿಂದ ಇಳಿಸಿಕೊಂಡು ಜಪ್ತಿ ಮಾಡಿದ್ದು ಹೊಟ್ಟೆ ಕೆಟ್ಟ ಒಂದು ಬೆಕ್ಕಿನ ಮರಿಯ ಪಾಯಖಾನೆಯನ್ನು. ಅದನ್ನು ಹಿಂದಕ್ಕೆ ಕೊಡಿ ಎಂದು ಕೇಳಲು ಈ ಪತ್ರ. ಬಾಯಿಮಾತಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ತಾವು “ನೋಡೋಣ” ಎಂದಿರಿ. ಎಷ್ಟೆಂದು ನೋಡುತ್ತೀರಿ? ಈಗ ಊರೆಲ್ಲ ನೋಡಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು, ಓದುಗರಿಗಾಗಿ ಹೇಳಬೇಕು. ಹೆಸರು ವಸಂತಿ. ಕುಮಟೆಯಲ್ಲಿ ಅರ್ಜಿ ಟೈಪು ಮಾಡಿಕೊಡುವ ಸಣ್ಣದೊಂದು ಅಂಗಡಿ ನನ್ನದು. ಹತ್ತೊಂಬತ್ತು ವರ್ಷಗಳಿಂದ ಜನರ ಮಾತನ್ನು ತಮ್ಮಂಥವರ ಕನ್ನಡಕ್ಕೆ ತಿರುಗಿಸುವುದೇ ನನ್ನ ಕಸುಬು. ಗಂಗಿ ಬಂದು “ಗಂಡ ಸತ್ತೋದ” ಅಂದರೆ ನಾನು “ಪತಿಯು ದೈವಾಧೀನರಾದ ಪ್ರಯುಕ್ತ” ಎಂದು ಬರೆಯುತ್ತೇನೆ. ದುರ್ಗಪ್ಪ “ಬಾವಿ ಕುಸ್ದು ಬಿತ್ತು ಮಾರಾಯ್ತಿ” ಅಂದರೆ “ಪ್ರಕೃತಿ ವಿಕೋಪದಿಂದ ಜಲಮೂಲವು ಹಾನಿಗೊಳಗಾಗಿರುತ್ತದೆ” ಎಂದು ಟೈಪು ಮಾಡುತ್ತೇನೆ. ಬೆರಳಿಗೆ ಹತ್ತಿದ ಈ ರೋಗ ಈಗೀಗ ನಾಲಿಗೆಗೂ ಹತ್ತಿದೆ. ಈ ಪ್ರಕರಣದ ಅರ್ಧ ಅನಾಹುತಕ್ಕೆ ಅದೇ ಕಾರಣ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಬೆಕ್ಕಿನ ಮರಿಯನ್ನು ಮನೆಗೆ ತಂದವರು ನನ್ನ ಅತ್ತೆ ಸಣ್ಣಿ. ಕಡಲ ಬದಿಗೆ ಮೀನಿಗೆಂದು ಹೋದವರು ಬೋರಲು ಹಾಕಿದ ದೋಣಿಯ ಅಡಿಯಲ್ಲಿ ಒಂಟಿಯಾಗಿ ಕೂಗುತ್ತಿದ್ದ ಇದನ್ನು ಕಂಡು, ಮೀನಿನ ಚೀಲದಲ್ಲೇ ಹಾಕಿಕೊಂಡು ಬಂದರು. ಬೆನ್ನ ಮೇಲೆ ಥೇಟು ಬಂಗಡೆ ಮೀನಿನ ಹಾಗೆ ಅಡ್ಡಡ್ಡ ಗೆರೆ. ಚೀಲದಿಂದ ತೆಗೆದಾಗ ಎರಡು ಬಂಗಡೆಯ ಜೊತೆ ಮೂರನೆಯದಾಗಿ ಹೊರಗೆ ಬಂತು. ಹಾಗಾಗಿ ಹೆಸರು ಬಂಗಡೆ. ಹುಡುಕಿ ಇಟ್ಟ ಹೆಸರಲ್ಲ, ಆದರೆ ಇಷ್ಟು ಒಪ್ಪುವ ಹೆಸರು ನಮ್ಮ ಮನೆಯಲ್ಲಿ ಮತ್ತೆ ಯಾರಿಗೂ ಇಲ್ಲ.

ಬಂದ ಎರಡನೇ ದಿನಕ್ಕೇ ಅದರ ಹೊಟ್ಟೆ ಹರಿಯಲು ಶುರುವಾಯಿತು. ಮಾನ್ಯರೇ, ಒಂದು ಅಂಗೈಯಗಲದ ಪ್ರಾಣಿಯ ಹೊಟ್ಟೆಯಲ್ಲಿ ಅಷ್ಟೊಂದು ಸರಕು ಎಲ್ಲಿತ್ತು ಎಂಬುದನ್ನು ಯಾವ ಇಲಾಖೆಯೂ ತನಿಖೆ ಮಾಡಿ ಹೇಳಲಾರದು. ಅತ್ತೆಯ ಎಲೆಯಡಿಕೆ ಕವಳದ ತಟ್ಟೆಯಲ್ಲಿ ಆಯಿತು. ದುರ್ಗಪ್ಪನ ಜಲಮೂಲದ ಅರ್ಜಿಯ ಮೇಲೆ, ಸರಿಯಾಗಿ ಸಹಿ ಹಾಕುವ ಜಾಗದಲ್ಲಿ ಆಯಿತು. ಪಶುವೈದ್ಯರ ಹತ್ತಿರ ಓಡಿದೆವು. ಅವರು ಮರಿಯನ್ನು ತಕ್ಕಡಿಗೆ ಹಾಕಿ, ಅರ್ಧ ಕಿಲೋ ಕೂಡ ಇಲ್ಲದ್ದನ್ನು ನೋಡಿ, ಹುಳಕ್ಕೆ ಔಷಧಿ ಕೊಟ್ಟರು. ಉಪ್ಪು ಸಕ್ಕರೆ ನೀರನ್ನು ಹನಿ ಹನಿ ಕುಡಿಸಿ, ಉಪ್ಪು ಖಾರ ಇಲ್ಲದ ಬೇಯಿಸಿದ ಮೀನನ್ನು ಅನ್ನದಲ್ಲಿ ಹಿಸುಕಿ ಕೊಡಿ ಎಂದರು. ಕಡೆಗೆ, “ಹಾಲು ಮಾತ್ರ ಒಂದು ತೊಟ್ಟೂ ಬೇಡ” ಎಂದರು.

ಅತ್ತೆಗೆ ಸಿಟ್ಟು ಬಂತು. “ಬೆಕ್ಕಿಗೆ ಹಾಲು ಕೊಡೂಕಾಗ ಅಂದ್ರೆ ಎಂತದು? ಕಾಲೇಜಲ್ಲಿ ಇದ್ನೇ ಕಲ್ಸಿದ್ರಾ ನಿಮ್ಗೆ?”

“ಅಮ್ಮಾ, ಅದ್ರ ತಾಯಿ ಹಾಲು ಬೇರೆ, ಪ್ಯಾಕೆಟ್ ಹಾಲು ಬೇರೆ. ಇದ್ರ ಹೊಟ್ಟೆಗೆ ಕರಗೂದಿಲ್ಲ” ಎಂದು ವೈದ್ಯರು ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಗದೆ ಹೇಳಿದರು: “ದಿನಾ ಹೇಗೆ ಹೋಗ್ತದೆ ನೋಡಿ ನಂಗೆ ಫೋನ್ ಮಾಡಿ. ಗಟ್ಟಿ ಆದ್ರೆ ಬದುಕ್ತು. ಇನ್ನೊಂದು ವಾರ ಹೀಗೇ ಹೋದ್ರೆ ಉಳಿಯೂದು ಕಷ್ಟ.”

ನೋಡಬೇಕೆಂದರೆ ಅದು ಒಂದು ಕಡೆ ಹೋಗಬೇಕಲ್ಲ? ನಮ್ಮ ಅಂಗಳಕ್ಕೆ ಒಂದು ಚಿಟಿಕೆ ಮಣ್ಣು ಕಾಣದ ಹಾಗೆ ಇಂಟರ್‌ಲಾಕ್ ಹಾಕಿಸಿದ್ದೇವೆ, ಅದು ನಮ್ಮದೇ ಬುದ್ಧಿವಂತಿಕೆ. ಡಬ್ಬಿಯಲ್ಲಿ ಪೇಪರು ಹಾಸಿದೆವು. ಬಂಗಡೆ ಅದರ ಮೇಲೆ ಮಲಗಿತು. ಮರದ ಹೊಟ್ಟು ಹಾಕಿದೆವು, ತಿನ್ನಲು ನೋಡಿತು. ಹೊನ್ನಾವರದ ಅಂಗಡಿಯಿಂದ ಲ್ಯಾವೆಂಡರ್ ವಾಸನೆಯ ಹರಳು ತರಿಸಿದೆ. ಮೂರು ಸಲ ಸೀನಿ, ಅದರ ಪಕ್ಕದಲ್ಲಿ ಕೂತು ಮಾಡಿತು. ಕಡೆಗೆ ಅತ್ತೆ ಕಡಲ ಬದಿಯಿಂದ ಬರುವಾಗ ಸೆರಗಿನ ತುದಿಯಲ್ಲಿ ಒಂದು ಬೊಗಸೆ ಹೊಯ್ಗೆ ಕಟ್ಟಿಕೊಂಡು ಬಂದು ಸುರಿದರು. ಹೊಯ್ಗೆ ಎಂದರೆ ತಾವು ಮರಳು ಎನ್ನುತ್ತೀರಲ್ಲ, ಅದೇ. ಬಂಗಡೆ ಮೂಸಿತು, ಕೆರೆದು ಗುಂಡಿ ಮಾಡಿತು, ಕೂತಿತು. ಹುಟ್ಟಿದ್ದು ಹೊಯ್ಗೆಯಲ್ಲಿ, ಕಣ್ಣು ಬಿಟ್ಟದ್ದು ಹೊಯ್ಗೆಯಲ್ಲಿ, ಅದಕ್ಕೆ ಬೇರೆ ಎಂತ ಗೊತ್ತು? ಆ ಒಂದು ಬೊಗಸೆ ಒಂದೇ ಸಲಕ್ಕೆ ಮುಗಿಯಿತು. ಸೋಮವಾರ ನಾನು ಬಿಳಿ ಪೇಂಟಿನ ಬಕೆಟ್ಟು ಹಿಡಿದುಕೊಂಡು ಹೋದದ್ದು ಈ ಕಾರಣಕ್ಕೆ.

ಮುಂದಿನದು ತಮಗೆ ಗೊತ್ತಿದ್ದದ್ದೇ. “ಪರ್ಮಿಟ್ ಎಲ್ಲಿ ಮೇಡಂ?” ಎಂದಿರಿ. ಒಂದು ಬಕೆಟ್ಟಿಗೆ ಎಂತ ಪರ್ಮಿಟ್ಟು ಎಂದೆ. “ಯಾವ ಉದ್ದೇಶಕ್ಕೆ?” ಎಂದಿರಿ. ಇಲ್ಲಿ, ಮಾನ್ಯರೇ, ನನ್ನ ಹತ್ತೊಂಬತ್ತು ವರ್ಷದ ಕಸುಬು ನನ್ನನ್ನು ಮುಳುಗಿಸಿತು. “ಬೆಕ್ಕು ಹೇಲೂಕೆ” ಎಂದಿದ್ದರೆ ತಾವು ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಿದ್ದಿರಿ. ಅಧಿಕಾರಿಗಳ ಎದುರು ಅಂಥ ಮಾತು ಬರುವುದಾದರೂ ಹೇಗೆ? “ಶೌಚಾಲಯದ ಸಲುವಾಗಿ” ಎಂದುಬಿಟ್ಟೆ.

“ಯಾರ ಶೌಚಾಲಯ?”

“ಬಂಗಡೆಯದು.”

“ವಯಸ್ಸು?”

“ನಲವತ್ತೈದು ದಿನ” ಎಂದೆ. ಆ “ದಿನ”ವನ್ನು ಹೊನ್ನಾವರದ ಬಸ್ಸಿನ ಹಾರ್ನಿನ ಸದ್ದು ನುಂಗಿತು.

“ತಮಗೆ ಏನಾಗಬೇಕು?”

“ಎಂತ ಆಗಬೇಕು, ಸಾಕಿದ್ದು.”

ತಾವು ಬರೆದುಕೊಂಡು ಕಾಗದ ಮುಂದೆ ಹಿಡಿದಿರಿ. ಮನೆಯಲ್ಲಿ ಮರಿ ಕಾಯುತ್ತಿದೆ ಎಂಬ ಗಡಿಬಿಡಿಯಲ್ಲಿ ನಾನು ಸಹಿ ಹಾಕಿದೆ. ಓದದೆ ಸಹಿ ಹಾಕಬೇಡಿ ಎಂದು ದಿನಕ್ಕೆ ಹತ್ತು ಜನಕ್ಕೆ ಬೈಯುವವಳು ಓದದೆ ಸಹಿ ಹಾಕಿದೆ! ಅದೇ ಹೊತ್ತಿಗೆ ಟಾರ್ಪಾಲು ಹೊದ್ದ ಒಂದು ಟಿಪ್ಪರು, ಹಿಂದಿನಿಂದ ನೀರು ತೊಟ್ಟಿಕ್ಕಿಸುತ್ತ ಬಂತು. ಅದಕ್ಕೆ ದಾರಿ ಬೇಕೆಂದು ತಾವು ನನ್ನ ಸ್ಕೂಟರನ್ನು ಬದಿಗೆ ತಳ್ಳಿಸಿದಿರಿ. ಅದರೊಳಗೆ ಏನಿತ್ತೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿರಲಿಕ್ಕಿಲ್ಲ, ಕೇಳಲಿಲ್ಲವಲ್ಲ. ನನ್ನದೇ ತಪ್ಪು, ಬಕೆಟ್ಟಿಗೊಂದು ಟಾರ್ಪಾಲು ಹೊದಿಸಬೇಕಿತ್ತು.

ಕಾನೂನು ಬೇಡ ಎನ್ನುವವಳು ನಾನಲ್ಲ. ಮರಳು ಬಗೆದು ಬಗೆದು ಹೊಳೆಯ ದಂಡೆ ಕುಸಿದಾಗ, ತೆಂಗಿನಮರ ನೀರಿಗೆ ಬಿದ್ದವರ ಅರ್ಜಿಗಳನ್ನು ನಾನೇ ಟೈಪು ಮಾಡಿದ್ದೇನೆ. ಅವು ತಮ್ಮ ಕಚೇರಿಯಲ್ಲೇ ಎಲ್ಲೋ ಇರಬೇಕು, ಬಿಡುವಾದಾಗ ಹುಡುಕಿಸಿ. ಆದರೆ ದಂಡೆ ಕುಸಿದದ್ದು ಬೆಕ್ಕಿನಿಂದಲೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ. ತಮ್ಮ ಆಡಳಿತದಲ್ಲಿ ಪ್ರಾಣಸಂಕಟ ಬೆಕ್ಕಿಗೇ ಬಂತು.

ಗುರುವಾರ ನೋಟೀಸು ಬಂತು. “ಬಂಗಡೆ ಎಂಬವರು, ವಯಸ್ಸು ೪೫, ವಸಂತಿಯವರ ಸಾಕುಮಗ, ಶೌಚಾಲಯ ನಿರ್ಮಾಣಕ್ಕೆ ಅಕ್ರಮವಾಗಿ ಮರಳು ಸಾಗಿಸಿದ ಪ್ರಕರಣದಲ್ಲಿ ಒಂದನೇ ಆರೋಪಿಯಾಗಿದ್ದು, ಸೋಮವಾರ ಖುದ್ದು ಹಾಜರಾಗತಕ್ಕದ್ದು. ಪುನಃ ಮರಳು ತೆಗೆದಲ್ಲಿ ಕಠಿಣ ಕ್ರಮ.” ಎರಡನೇ ಆರೋಪಿ ನಾನು. ನನಗೆ ನಲವತ್ತೆರಡು, ಮಗನಿಗೆ ನಲವತ್ತೈದು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಔಷಧಿ ಕೊಟ್ಟರೂ ಭೇದಿ ನಿಂತಿರಲಿಲ್ಲ. ಒಂದನೇ ಆರೋಪಿ ಅತ್ತೆಯ ಮಡಿಲಲ್ಲಿ ಕಣ್ಣು ಅರ್ಧ ಮುಚ್ಚಿ ಬಿದ್ದಿತ್ತು, ಕಿವಿ ಮುಟ್ಟಿದರೆ ತಣ್ಣಗಿತ್ತು, ಕರೆದರೆ ಬಾಯಿ ತೆರೆಯುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ನಾನು ಅತ್ತುಬಿಟ್ಟೆ. ಅಷ್ಟು ಸಣ್ಣ ಜೀವಕ್ಕಾಗಿ ಅಷ್ಟು ಹೆದರಿಕೊಂಡದ್ದು ನನಗೇ ಆಶ್ಚರ್ಯ. ಅತ್ತೆ ಕಡಲ ಬದಿಗೆ ಹೋಗಿ ಬರುವಾಗ, ನೋಟೀಸಿಗೆ ಹೆದರಿ, ಕಾಲಿಗೆ ಹತ್ತಿದ ಹೊಯ್ಗೆಯನ್ನೂ ಕೊಡವಿ ಬರತೊಡಗಿದರು.

ಸೋಮವಾರ ನಾವು ಮೂವರೂ ಹಾಜರಾದೆವು. ಬಂಗಡೆ ಅತ್ತೆಯ ಕೈಚೀಲದಲ್ಲಿ ತಲೆಯಷ್ಟೇ ಹೊರಗೆ ಹಾಕಿ ಕೂತಿತ್ತು. ತಮ್ಮ ಜವಾನರು ಬಾಗಿಲಿಗೆ ಬಂದು “ಬಂಗಡೆ! ಬಂಗಡೆ! ಬಂಗಡೆ!” ಎಂದು ಕೂಗಿದಾಗ ಪಡಸಾಲೆಯಲ್ಲಿ ಕಾಯುತ್ತಿದ್ದ ಒಬ್ಬಳು ಎದ್ದು “ನೂರಕ್ಕೆ ಎಷ್ಟ್ರಾ?” ಎಂದು ಕೇಳಿದ್ದು ತಮಗೂ ಕೇಳಿಸಿರಬೇಕು. ಒಳಗೆ ತಾವು ಕಡತದಿಂದ ಕಣ್ಣೆತ್ತದೆ “ಬಂಗಡೆಯವರು ಎಲ್ಲಿ?” ಎಂದಿರಿ.

“ಇದೇ ಸಾಹೇಬ್ರೆ” ಎಂದು ಅತ್ತೆ ಚೀಲವನ್ನು ಮೇಜಿನ ಮೇಲಿಟ್ಟರು.

ತಾವು ಬೆಕ್ಕನ್ನು ನೋಡಿದಿರಿ, ಕಡತವನ್ನು ನೋಡಿದಿರಿ, ಮತ್ತೆ ಬೆಕ್ಕನ್ನು ನೋಡಿದಿರಿ. ಯಾರೇ ಆಗಲಿ ಅಲ್ಲಿಗೆ ನಕ್ಕು ಬಿಡುತ್ತಿದ್ದರು. ತಾವು ಬಿಡಲಿಲ್ಲ. “ಇರಲಿ, ಮಾಲಿನ ಪ್ರಮಾಣ ಪರಿಶೀಲಿಸಿ” ಎಂದು ಅಪ್ಪಣೆ ಮಾಡಿದಿರಿ. ಜವಾನರು ಅರಗಿನ ಮುದ್ರೆ ಒಡೆದು ನನ್ನ ಬಕೆಟ್ಟಿನ ಮುಚ್ಚಳ ತೆಗೆದರು. ಬಂಗಡೆಯ ಮೂಗು ಅರಳಿತು. ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಬಕೆಟ್ಟಿಗೆ. ಕೆರೆಯಿತು, ತಿರುಗಿತು, ಕೂತಿತು, ಸೀದಾ ತಮ್ಮ ಮುಖ ನೋಡುತ್ತ ಮುಗಿಸಿತು. ಅತ್ತೆ ಬಗ್ಗಿ ನೋಡಿದವರೇ ಕಚೇರಿಯೇ ನಡುಗುವ ಹಾಗೆ ಕೂಗಿದರು: “ಗಟ್ಟಿ! ವಸಂತಿ, ಗಟ್ಟಿ ಬಂತೇ! ನಾ ಹಾಲು ಕೊಡೂದು ಬಿಟ್ಟು ಮೂರು ದಿನ ಆತು, ಅದ್ಕೇ ಗಟ್ಟಿ ಆತು!”

ನಾನು ಅತ್ತೆಯ ಮುಖ ನೋಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಕೇಳಿದ್ದೆ; ಕುಡಿಸುವವರೂ ಕಣ್ಣು ಮುಚ್ಚಿಯೇ ಕುಡಿಸುತ್ತಾರೆ ಎಂದು ಗೊತ್ತಿರಲಿಲ್ಲ. ವೈದ್ಯರು ಬೇಡ ಎಂದ ಮೇಲೂ ದಿನಾ ಹಿತ್ತಿಲ ಬಾಗಿಲಲ್ಲಿ, ತೆಂಗಿನ ಗೆರಟೆಯಲ್ಲಿ! “ಹಸ್ದು ಕೂಗ್ತಿತ್ತು, ಎಂತ ಮಾಡೂದು?” ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಬೈಯಲಿಲ್ಲ, ಅಲ್ಲೇ ತಬ್ಬಿಕೊಂಡೆ. ಹಾಗಾಗಿ, ಮಾನ್ಯರೇ, ಬಂಗಡೆಯ ಹೊಟ್ಟೆ ಕೆಟ್ಟದ್ದಕ್ಕೆ ತಮ್ಮ ಮೇಲೆ ನನ್ನ ಆರೋಪ ಇಲ್ಲ. ಆ ಆರೋಪಿ ನಮ್ಮ ಮನೆಯವರೇ, ತಪ್ಪೊಪ್ಪಿಗೆಯನ್ನು ತಮ್ಮ ಎದುರೇ ಕೊಟ್ಟಿದ್ದಾರೆ. ಆಗ ತಮ್ಮ ಮೀಸೆಯ ಅಡಿಯಲ್ಲೂ ಒಂದು ನಗು ಬಂದು ಹೋದದ್ದನ್ನು ನಾನು ಕಂಡಿದ್ದೇನೆ. ಅಲ್ಲಗಳೆಯಬೇಡಿ.

ಮರುಗಳಿಗೆಯಲ್ಲೇ ತಾವು ಬಕೆಟ್ಟು ಕೊಡಲಾಗುವುದಿಲ್ಲ ಎಂದಿರಿ. ಯಾಕೆ? “ಜಪ್ತಿ ಮಾಲಿನ ಸ್ವರೂಪ ಬದಲಾಗಿದೆ, ಮೇಲಿನಿಂದ ಮಾರ್ಗದರ್ಶನ ಬರಬೇಕು.” ಎಂಥ ಮಾತು! ಅಷ್ಟು ಸಣ್ಣ ಒಂದು ತುಂಡಿಗೆ ಇಷ್ಟು ಘನವಾದ ಹೆಸರು ನನಗೂ ಹೊಳೆಯುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ತಮಗೊಂದು ಕುರ್ಚಿ ಯಾವಾಗಲೂ ಖಾಲಿ ಇದೆ.

ಅದರ ಪರಿಣಾಮ ಈಗ ತಮ್ಮ ಕಣ್ಣೆದುರಿಗಿದೆ. ಹೊಸ ಮರಳು ತಂದರೆ ಕಠಿಣ ಕ್ರಮ, ಹಳೆಯ ಮರಳು ತಮ್ಮ ವಶದಲ್ಲಿ. ಬಂಗಡೆಗೆ ಬೇರೆ ಕಡೆ ಬರುವುದಿಲ್ಲ. ಹಾಗಾಗಿ ಅತ್ತೆ ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅದನ್ನು ಚೀಲದಲ್ಲಿ ಕರೆತರುತ್ತಾರೆ. ಇಂದಿಗೆ ಐದು ದಿನ. ಜವಾನರು ಮುಚ್ಚಳ ತೆಗೆದು ಕಾಯುತ್ತಾರೆ. ಪಡಸಾಲೆಯಲ್ಲಿ ಕೂತವರು “ಆತಾ?” ಎಂದು ಕೇಳುತ್ತಾರೆ. ಅತ್ತೆ ಒಳಗಿನಿಂದ “ಆತು!” ಎನ್ನುತ್ತಾರೆ. ಎಲ್ಲರೂ ಖುಷಿಪಡುತ್ತಾರೆ, ಯಾರೋ ವೈದ್ಯರಿಗೆ ಫೋನು ಹಚ್ಚುತ್ತಾರೆ. ಕತಗಾಲ ಊರಿನಿಂದ ಏಳನೇ ಸಲ ಬಂದಿದ್ದ ಒಬ್ಬ ಮುದುಕರು ನಿಟ್ಟುಸಿರು ಬಿಟ್ಟು, “ಈ ಕಚೇರೀಲಿ ಬಂದ ದಿನವೇ ಕೆಲ್ಸ ಆದದ್ದು ಈ ಬೆಕ್ಕಿಗೊಂದೇ” ಎಂದರು. ಅವರ ಅರ್ಜಿ ಟೈಪು ಮಾಡಿದವಳು ನಾನು. ದಯವಿಟ್ಟು ಅದನ್ನೂ ನೋಡಿ.

ಬಂಗಡೆ ಈಗ ತೂಕದಲ್ಲಿ ಐವತ್ತು ಗ್ರಾಂ ಏರಿದೆ, ಪರದೆ ಹತ್ತುತ್ತದೆ, ನನ್ನ ಕೀಬೋರ್ಡಿನ ಮೇಲೆ ಮಲಗುತ್ತದೆ. ಈ ಪತ್ರದಲ್ಲಿ ತಪ್ಪು ಅಕ್ಷರ ಕಂಡರೆ ಅದು ಅದರದ್ದು. ಇನ್ನು ನನ್ನ ಬೇಡಿಕೆ. ಈ ಸಲ ನೇರ ಕನ್ನಡದಲ್ಲಿ ಹೇಳುತ್ತೇನೆ, ತಾವು ಮತ್ತೆ ತಪ್ಪು ತಿಳಿಯಬಾರದು: ಬೆಕ್ಕು ಹೇಲಲಿಕ್ಕೆ ಹೊಯ್ಗೆ ಬೇಕು. ನಮ್ಮ ಬಕೆಟ್ಟು ಕೊಡಿ. ತಿಂಗಳಿಗೊಂದು ಬಕೆಟ್ಟು ತರಲಿಕ್ಕೆ ಒಂದು ಚೀಟಿ ಬರೆದು ಕೊಡಿ. ಅದರಲ್ಲಿ ನಲವತ್ತೈದರ ಮುಂದೆ “ದಿನ” ಎಂದು ಸೇರಿಸಿ, ಇಲ್ಲವಾದರೆ ನಾಳೆ ಆ ಹುಡುಗನಿಗೆ ಹೆಣ್ಣು ಹುಡುಕುವ ಕೆಲಸವೂ ನನ್ನ ತಲೆಗೆ ಬಂದೀತು. ಆಮೇಲೆ ಆ ಕಡತ. ಬಂಗಡೆ ದಿನಾ ತಮ್ಮ ಎದುರಿಗೇ ತನ್ನದನ್ನು ಮುಗಿಸಿ, ಮೇಲೆ ಮರಳು ಎಳೆದು, ನೀಟಾಗಿ ಮುಚ್ಚಿ ಹೋಗುತ್ತದೆ. ಇನ್ನು ಮುಚ್ಚಬೇಕಾದವರು ತಾವು.

ಇಂತಿ,
ಒಂದನೇ ಆರೋಪಿಯ ಪರವಾಗಿ,
ಓದದೆ ಸಹಿ ಹಾಕಿದ ಎರಡನೇ ಆರೋಪಿ
ವಸಂತಿ, ಅರ್ಜಿ ಟೈಪಿನವಳು, ಕುಮಟಾ

(ಇದನ್ನು ಎರಡು ಸಲ ಓದಿಯೇ ಸಹಿ ಹಾಕಿದ್ದೇನೆ.)