ನನ್ನ ಗಂಡನ ಆಕ್ಷೇಪಣೆಯನ್ನು ಕಡತದಿಂದ ತೆಗೆಯಿರಿ

ಮಾನ್ಯ ಮುಖ್ಯ ಕಾರ್ಯನಿರ್ವಾಹಕರೇ,

ಕಳೆದ ವಾರ ನಿಮ್ಮ ಕೌಂಟಿ ಕೌನ್ಸಿಲಿನಿಂದ ನನಗೆ ಒಂದೇ ದಿನ ಎರಡು ಕಾಗದ ಬಂದವು. ನನ್ನ ಗಂಡ ಮ್ಯಾಲಕಿ ಮಲ್ರೆನನ್ ಅವರ ನಿಧನಕ್ಕೆ ಕೌನ್ಸಿಲು ಎದ್ದು ನಿಂತು, ಸರ್ವಾನುಮತದಿಂದ ಸಂತಾಪ ಸೂಚಿಸಿದೆ ಎಂದು ಮೊದಲನೆಯದರಲ್ಲಿ ಇತ್ತು. ಎರಡನೆಯದು ನಿಮ್ಮ ರಸ್ತೆ ವಿಭಾಗದ್ದು. ನಮ್ಮ ಓಣಿಯನ್ನು ಕೌನ್ಸಿಲು ತನ್ನ ಸುಪರ್ದಿಗೆ ತೆಗೆದುಕೊಳ್ಳುವುದಕ್ಕೆ ಪಕ್ಕದ ಜಮೀನುದಾರರಾದ ಶ್ರೀ ಮ್ಯಾಲಕಿ ಮಲ್ರೆನನ್ ಅವರ ಆಕ್ಷೇಪ ಇರುವುದರಿಂದ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಅದರಲ್ಲಿ ಇತ್ತು. ಎರಡೂ ಕಾಗದಗಳ ತಲೆಯ ಮೇಲೆ ಒಂದೇ ಲಾಂಛನ, ಕೆಳಗೆ ನಿಮ್ಮದೇ ಕಚೇರಿಯ ವಿಳಾಸ.

ಫೋನ್ ಮಾಡಿದೆ. ಎತ್ತಿದ ಹೆಣ್ಣುಮಗಳು ಒಳ್ಳೆಯವಳು, ಅವಳ ಮೇಲೆ ದೂರಿಲ್ಲ.

"ಫಾರ್ಮಲ್ಲಿ ನಿಮ್ಮ ಯಜಮಾನರ ಸಹಿ ಇಲ್ಲ ಮೇಡಂ."

"ಅವರು ತೀರಿಕೊಂಡು ಐದು ವಾರ ಆಯ್ತಮ್ಮ."

"ಅಯ್ಯೋ, ಗೊತ್ತಿರ್ಲಿಲ್ಲ ಮೇಡಂ. ಆದ್ರೆ ಕಂಪ್ಯೂಟರಲ್ಲಿ ಎರಡೇ ಕಾಲಂ ಇರೋದು. ಒಪ್ಪಿಗೆ, ಇಲ್ಲಾ ಆಕ್ಷೇಪ. ಸಹಿ ಬರದೇ ಇದ್ರೆ ಅದು ಆಕ್ಷೇಪ ಅಂತಲೇ ತಗೊಳ್ಳತ್ತೆ."

"ಸತ್ತೋರು ಆಕ್ಷೇಪ ಮಾಡೋದು ಹೇಗಮ್ಮ?"

"ಅದಕ್ಕೆ ಕಾಲಂ ಇಲ್ಲ ಮೇಡಂ. ಜಮೀನು ನಿಮ್ಮ ಹೆಸರಿಗೆ ಬಂದ ಮೇಲೆ ಹೊಸದಾಗಿ ಅರ್ಜಿ ಹಾಕಿ."

ಜಮೀನು ನನ್ನ ಹೆಸರಿಗೆ ಬರುವುದು ಅದೃಷ್ಟವಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ಎಂದು ವಕೀಲರು ಹೇಳಿದ್ದಾರೆ.

ನಿಮ್ಮ ಬಳಿ ಇರುವ ಆ ಅರ್ಜಿ ಯಾರ ಕೈಬರಹ ಎಂದು ತಾವು ನೋಡಿದ್ದೀರಾ? ಮ್ಯಾಲಕಿಯದ್ದು. ಫೆಬ್ರವರಿಯ ಚಳಿಯಲ್ಲಿ ಓಣಿಯ ಐದೂ ಮನೆಗೆ ಹೋಗಿ, ಪ್ರತಿ ಮನೆಯಲ್ಲೂ ಟೀ ಕುಡಿದು, ಸಹಿ ಹಾಕಿಸಿಕೊಂಡು ಬಂದವರು ಅವರು. ತಮ್ಮ ಸಹಿಯನ್ನು ಮಾತ್ರ ಹಾಕಿರಲಿಲ್ಲ. "ಕರೆದೋನು ಮೊದಲು ಊಟಕ್ಕೆ ಕೂರಬಾರದು" ಎಂದು ನಕ್ಕು, ಕೊನೆಯ ಸಾಲನ್ನು ತಮಗೆಂದು ಉಳಿಸಿಕೊಂಡಿದ್ದರು. ಆ ಸಾಲು ಹಾಗೇ ಉಳಿಯಿತು, ಅವರು ಹೋದ ಮೇಲೆ ಅರ್ಜಿಯನ್ನು ನಾನು ಹಾಗೆಯೇ ನಿಮಗೆ ಕಳಿಸಿದೆ. ಇಪ್ಪತ್ತಾರು ವರ್ಷ ಈ ಓಣಿಗಾಗಿ ನಿಮ್ಮ ಬಾಗಿಲು ತಟ್ಟಿದ ಮನುಷ್ಯ ಈಗ ನಿಮ್ಮ ದಾಖಲೆಯಲ್ಲಿ ಓಣಿಯ ಏಕೈಕ ವಿರೋಧಿ.

ಸುಪರ್ದಿ ಎಂಬ ಪದಕ್ಕೆ ನಿಮ್ಮಲ್ಲಿ ಎಷ್ಟು ಬೆಲೆ ಎಂದು ನನಗೆ ಗೊತ್ತು. ಸುಪರ್ದಿಗೆ ಬಂದ ರಸ್ತೆಯ ಗುಂಡಿ ನಿಮ್ಮದು, ಬಾರದ ರಸ್ತೆಯ ಗುಂಡಿ ದೇವರದ್ದು. ಹೆದ್ದಾರಿಯಿಂದ, ತಿರುವಿನಲ್ಲಿ ಹಾಲಿನ ಕ್ಯಾನು ಇಡುವ ಹಾಲಿನ ಕಟ್ಟೆಯ ತನಕ ನಿಮ್ಮದು, ಅಲ್ಲಿಂದಾಚೆ ನಾಲ್ಕುನೂರು ಗಜ ಯಾರದ್ದೂ ಅಲ್ಲ. ಜಮೀನ್ದಾರರು ಎದ್ದುಹೋದ ಕುರ್ಚಿಗಳಲ್ಲಿ ರೈತರೂ ಅಂಗಡಿಯವರೂ ಬಂದು ಕೂತ ೧೮೯೯ರಲ್ಲಿ, ಹೊಸ ಕೌನ್ಸಿಲು ರಸ್ತೆಗಳ ಪಟ್ಟಿ ಮಾಡಲು ಒಬ್ಬ ಸರ್ವೇಯರನನ್ನು ಕಳಿಸಿತಂತೆ. ಆತ ಆ ತಿರುವಿನ ತನಕ ಬಂದು, ಮುಂದೆ ಕೆಸರು ನೋಡಿ, ಕುದುರೆ ತಿರುಗಿಸಿದ ಎಂದು ಮ್ಯಾಲಕಿಯ ಮನೆಯವರು ಹೇಳಿಕೊಂಡು ಬಂದಿದ್ದಾರೆ. ನೂರ ಇಪ್ಪತ್ತೈದು ವರ್ಷಗಳಿಂದ ನೀವೆಲ್ಲ ಆ ಕುದುರೆಯ ತೀರ್ಮಾನವನ್ನು ಎತ್ತಿಹಿಡಿಯುತ್ತ ಬಂದಿದ್ದೀರಿ.

ಇದೇ ಕೌನ್ಸಿಲು ಸ್ವಾತಂತ್ರ್ಯದ ಹೋರಾಟದ ೧೯೨೦ರಲ್ಲಿ ಲಂಡನ್ನಿಗೆ ಲೆಕ್ಕ ಒಪ್ಪಿಸುವುದಿಲ್ಲ ಎಂದು ಠರಾವು ಮಾಡಿ, ಬ್ರಿಟಿಷ್ ಸೈನಿಕರ ಕೈಗೆ ಸಿಗದಂತೆ ತನ್ನ ಪುಸ್ತಕಗಳನ್ನು ಬಚ್ಚಿಟ್ಟಾಗ, ಎಲ್ಲಿ ಬಚ್ಚಿಟ್ಟಿತು ಎಂದು ತಮಗೆ ಯಾರಾದರೂ ಹೇಳಿದ್ದಾರೆಯೇ? ಮ್ಯಾಲಕಿಯ ಅಜ್ಜಿಯ ಹುಲ್ಲಿನ ಅಟ್ಟದಲ್ಲಿ, ಒಂದು ಇಡೀ ಚಳಿಗಾಲ. ಪುಸ್ತಕಗಳು ಕತ್ತೆಗಾಡಿಯಲ್ಲಿ ಈ ಓಣಿಯಲ್ಲೇ ಬಂದವು, ಈ ಓಣಿಯಲ್ಲೇ ಹೋದವು. ಕೌನ್ಸಿಲಿನ ಮಾನ ಕಾಪಾಡಿದ ದಾರಿಯಲ್ಲಿ ಕೌನ್ಸಿಲಿನ ಡಾಂಬರು ಬರಲಾರದೇ? ಆಮೇಲೆ ೧೯೪೨ರಲ್ಲಿ ತಮ್ಮ ಹುದ್ದೆ ಹುಟ್ಟಿತು. ಅಂದಿನಿಂದ ಆಯ್ಕೆಯಾದವರು ಮಾತಾಡುತ್ತಾರೆ, ತಾವು ತೀರ್ಮಾನಿಸುತ್ತೀರಿ. ರಸ್ತೆಯನ್ನು ಸುಪರ್ದಿಗೆ ತೆಗೆದುಕೊಳ್ಳುವ ಮತ ಈಗಲೂ ಸದಸ್ಯರದ್ದೇ ನಿಜ, ಆದರೆ ಕಾಗದ ತಮ್ಮ ಮೇಜು ದಾಟಿದರೆ ತಾನೇ ಅವರು ಕೈ ಎತ್ತುವುದು?

ಮ್ಯಾಲಕಿ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಕರುಗಳಿಗೆ ಮೇವು ಹಾಕುವಾಗ ಎದೆ ಹಿಡಿದುಕೊಂಡು ಕೂತರು. ಓಣಿಯ ಮೋರಿ ನವೆಂಬರಿನಲ್ಲೇ ಕುಸಿದಿತ್ತು, ಆಂಬುಲೆನ್ಸು ಹಾಲಿನ ಕಟ್ಟೆಯ ಹತ್ತಿರ ನಿಂತಿತು. ಆಂಬುಲೆನ್ಸಿನವರು ಚೀಲ ಹೊತ್ತು ಓಡಿ ಬಂದರು. ಇತ್ತ ಪಕ್ಕದ ಮನೆಯ ಫಿಂಟನ್ ಕಫ್ ಮತ್ತು ಅವನ ತಮ್ಮ ನಮ್ಮ ಹಿತ್ತಿಲ ಬಾಗಿಲು ಕಳಚಿ, ಅದರ ಮೇಲೆ ಇವರನ್ನು ಮಲಗಿಸಿ ಹೊತ್ತರು. ಮೋರಿಯ ಹತ್ತಿರ ಎರಡೂ ಕಡೆಯವರು ಸಂಧಿಸಿದರು. ಅಷ್ಟರಲ್ಲಿ ಮುಗಿದಿತ್ತು. ರಸ್ತೆ ಇದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಹತ್ತು ನಿಮಿಷ ದೊಡ್ಡದು ಎಂದಷ್ಟೇ ಹೇಳಿದರು.

ಆವತ್ತಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಅಳು ಬಂದಿಲ್ಲ. ಟೀ ಮಾಡುತ್ತೇನೆ, ಅದು ಆರುತ್ತದೆ, ಚೆಲ್ಲುತ್ತೇನೆ. ಈ ಕಾಗದದಲ್ಲಿ ಸಿಟ್ಟು ಕಾಣಿಸಿದರೆ ಅದು ಹಳೆಯ ದಾಸ್ತಾನು, ಹೊಸದಾಗಿ ಬಂದದ್ದಲ್ಲ.

ಮಣ್ಣಿಗೆ ನಮ್ಮ ಕೌನ್ಸಿಲರ್ ಬಂದಿದ್ದರು. ಈ ಜಿಲ್ಲೆಯಲ್ಲಿ ಕೌನ್ಸಿಲರ್ ತಪ್ಪಿಸಿಕೊಂಡ ಸಾವು ಯಾವುದಿದೆ? ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, "ನಿಮ್ಮ ಕಷ್ಟ ನೋಡಿ ಬೇಜಾರಾಯ್ತಮ್ಮ. ಓಣಿ ವಿಷಯ ನನ್ನ ತಲೇಲಿ ಇದೆ" ಎಂದರು.

ಪಕ್ಕದಲ್ಲೇ ಇದ್ದ ಫಿಂಟನ್, "ತಲೇಲಿರೋದು ಬೇಡ ಸ್ವಾಮಿ, ಕಾಲ ಕೆಳಗೆ ಬರಲಿ" ಎಂದ.

ಫಿಂಟನ್‌ಗೆ ಹಾಗೆ ಹೇಳುವ ಹಕ್ಕಿದೆ. ಅವನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ಆವತ್ತು ಬಾಗಿಲು ಹೊತ್ತದ್ದೇ ಅವನ ಮೈಗೆ ಮೀರಿದ್ದು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯ ಟ್ಯಾಕ್ಸಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತದೆ. ಸಂಜೆ ಹಾಲಿನ ಕಟ್ಟೆಯಲ್ಲೇ ಇಳಿಸಿ ತಿರುಗಿಕೊಳ್ಳುತ್ತದೆ. ರಕ್ತ ತೊಳೆಸಿಕೊಂಡು, ತಲೆ ಸುತ್ತುತ್ತಿರುವ ಮನುಷ್ಯ ಕೋಲು ಊರಿಕೊಂಡು ನಾಲ್ಕುನೂರು ಗಜ ನಡೆಯಬೇಕು. ಕಳೆದ ಶುಕ್ರವಾರ ಮೋರಿಯ ಕಲ್ಲಿನ ಮೇಲೆ ಕುಸಿದು ಕೂತಿದ್ದ. ಅಡುಗೆಮನೆ ಕಿಟಕಿಯಿಂದ ಕಂಡು ಓಡಿದೆ. ಮುಖ ಬಿಳಿಚಿಕೊಂಡಿತ್ತು.

"ಏನಿಲ್ಲ ಅಟ್ರಾಕ್ಟಾ, ಮ್ಯಾಲಕಿ ಜೊತೆ ಸ್ವಲ್ಪ ಹೊತ್ತು ಕೂತಿದ್ದೆ ಅಷ್ಟೇ" ಎಂದ.

ಕ್ರಿಸ್‌ಮಸ್ ತನಕ ಅವನು ವಾರಕ್ಕೆ ಮೂರು ಸಲ ಹೀಗೆ ನಡೆಯಬೇಕು. ನಡೆಯಲಾರ. ಇದು ನನಗೂ ಗೊತ್ತು, ಅವನಿಗೂ ಗೊತ್ತು.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ತಮ್ಮ ಹಿಂದಿನವರ ಕಾಲದಿಂದ, ಕಳೆದ ವರ್ಷ ನಿವೃತ್ತಿಯಾಗುವ ತನಕ, ಕೌನ್ಸಿಲಿನ ಸಭೆಗಳ ನಡಾವಳಿ ಬರೆದವಳು ನಾನೇ. ನಮ್ಮ ಓಣಿ ಏಳು ಸಲ ಸಭೆಗೆ ಬಂತು. ಏಳು ಸಲವೂ ಅದರ ಮುಂದೆ "ಗಮನಿಸಲಾಯಿತು" ಎಂದು ಟೈಪ್ ಮಾಡಿದ ಬೆರಳು ನನ್ನದೇ. ಮನೆಗೆ ಹೋದರೆ ಮ್ಯಾಲಕಿ ಆಲೂಗಡ್ಡೆ ಸುಲಿಯುತ್ತ ಕೇಳುತ್ತಿದ್ದರು.

"ಇವತ್ತು ನಮ್ಮ ಓಣಿ ಬಂತಾ?"

"ಬಂತು."

"ಏನಂದ್ರು?"

"ಗಮನಿಸಿದ್ರು."

"ಅವರು ಗಮನಿಸ್ತಾ ಇರಲಿ, ನಾನು ಗುಂಡಿ ಮುಚ್ಚಿ ಬರ್ತೀನಿ" ಎಂದು ಸಲಿಕೆ ತೆಗೆದುಕೊಂಡು ಹೋಗುತ್ತಿದ್ದರು. ಒಂದೇ ಒಂದು ಸಲ, "ಅಲ್ಲೇ ಕೂತಿರ್ತೀಯಲ್ಲ, ನೀನೇ ಒಂದು ಮಾತು ಹೇಳಬಾರದಾ?" ಎಂದು ಕೇಳಿದರು. ಬರೆಯೋಳು ಮಾತಾಡೋ ಹಾಗಿಲ್ಲ ಎಂದೆ. ಮತ್ತೆ ಕೇಳಲಿಲ್ಲ. ನಿಯಮ ಹಾಗೇ ಇತ್ತು, ನಾನು ಅದನ್ನು ಪಾಲಿಸಿದೆ. ನನಗೆ ಈಗ ಅನ್ನಿಸುತ್ತಿರುವುದು ಏನಾದರೂ ಇದ್ದರೆ ಅದರ ನಾಚಿಕೆ ಒಂದೇ.

ಆದ್ದರಿಂದ ಈಗ ಮಾತಾಡುತ್ತಿದ್ದೇನೆ, ಜಿಲ್ಲೆಯ ವಾರಪತ್ರಿಕೆಯಲ್ಲಿ, ಎಲ್ಲರಿಗೂ ಕೇಳುವಂತೆ. ಏಪ್ರಿಲ್ ಎರಡನೇ ಸೋಮವಾರ ಸಭೆ ಇದೆ. ಆ ಹೊತ್ತಿಗೆ ನನ್ನ ಗಂಡನ ಆಕ್ಷೇಪಣೆಯನ್ನು ಕಡತದಿಂದ ತೆಗೆದು, ಓಣಿಯನ್ನು ಸದಸ್ಯರ ಮತಕ್ಕೆ ಇಡಬೇಕು. ಮ್ಯಾಲಕಿ ಸತ್ತಿದ್ದಾರೆ ಎನ್ನುವುದಕ್ಕೆ ದಾಖಲೆ ಬೇಕಿದ್ದರೆ ತಮ್ಮದೇ ಕೌನ್ಸಿಲಿನ ಸರ್ವಾನುಮತದ ಠರಾವು ಇದೆ. ಅದನ್ನು ತಮ್ಮ ರಸ್ತೆ ವಿಭಾಗ ನಂಬುವುದಿಲ್ಲವಾದರೆ ಸಂತಾಪವನ್ನು ವಾಪಸು ತೆಗೆದುಕೊಳ್ಳಿ. ಆಕ್ಷೇಪ ಎತ್ತುವಷ್ಟು ಅವರು ಬದುಕಿದ್ದಾರೆ ಎಂದು ತಾವು ಲಿಖಿತವಾಗಿ ಹೇಳುವುದಾದರೆ, ಅವರನ್ನು ನನಗೆ ಮನೆಗೆ ಕಳಿಸಿಕೊಡಿ. ಸಹಿ ನಾನೇ ಹಾಕಿಸುತ್ತೇನೆ.

ಇಂತಿ,
ತಮ್ಮ ಕಡತದ ಪ್ರಕಾರ ಆಕ್ಷೇಪಣೆದಾರರ ಹೆಂಡತಿ,
ತಮ್ಮ ಠರಾವಿನ ಪ್ರಕಾರ ಅವರ ವಿಧವೆ,
ಅಟ್ರಾಕ್ಟಾ ಮಲ್ರೆನನ್